ಬಿಇಎಲ್ ಎಷ್ಟು ಗಟ್ಟಿ? ರಕ್ಷಣಾ ಕಂಪನಿಯ ವ್ಯಾಪಾರ ಬಲ ಅಳೆಯುವುದು ಹೇಗೆ

2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದ ದಿನಗಳಲ್ಲಿ ‘ಆಕಾಶತೀರ್’ ಎಂಬ ಹೆಸರು ಮನೆಮನೆಯ ಟಿವಿಯಲ್ಲೂ ಕೇಳಿಬಂತು. ಪಾಕಿಸ್ತಾನದಿಂದ ಬಂದ ಡ್ರೋನ್ ಮತ್ತು ಕ್ಷಿಪಣಿಗಳನ್ನು ಗುರುತಿಸಿ, ಯಾವ ತೋಪು ಯಾವುದನ್ನು ಹೊಡೆಯಬೇಕೆಂದು ಸೇನೆಗೆ ಕ್ಷಣಾರ್ಧದಲ್ಲಿ ತಿಳಿಸುವ ವಾಯು ರಕ್ಷಣಾ ವ್ಯವಸ್ಥೆ ಅದು. ಅದನ್ನು ತಯಾರಿಸಿದ್ದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್, ಅಂದರೆ ಬಿಇಎಲ್. ಮರುತಿಂಗಳೇ, ಜೂನ್ 23ರಂದು, ಈ ಕಂಪನಿ ಮುಂಬೈ ಷೇರುಪೇಟೆಯ 30 ಕಂಪನಿಗಳ ಸೆನ್ಸೆಕ್ಸ್ ಪಟ್ಟಿ ಸೇರಿತು. ಅದಕ್ಕೂ ಮೊದಲು, 2024ರ ಸೆಪ್ಟೆಂಬರ್ ಕೊನೆಯಲ್ಲಿ, ನಿಫ್ಟಿ 50ರಲ್ಲಿ ಜಾಗ ಪಡೆದಿತ್ತು.

ಅಲ್ಲಿಂದಾಚೆಗೆ ರಕ್ಷಣಾ ವಲಯದ ಷೇರುಗಳನ್ನು ಮೊದಲ ಬಾರಿ ಕೊಂಡವರು ಲಕ್ಷಾಂತರ ಮಂದಿ. ನೇರವಾಗಿ ಕೊಳ್ಳದವರ ಹಣವೂ ಇಂಡೆಕ್ಸ್ ಫಂಡ್, ಪಿಂಚಣಿ ನಿಧಿ, ಮ್ಯೂಚುವಲ್ ಫಂಡ್‌ಗಳ ಮೂಲಕ ಅಲ್ಲಿಗೆ ಹೋಗುತ್ತಿದೆ. ಯುದ್ಧದ ಸುದ್ದಿ ಬಂದಾಗ ಏರಿ, ಕದನವಿರಾಮದ ಸುದ್ದಿಗೆ ಇಳಿಯುವ ಬೆಲೆ ನೋಡಿ ಕಂಪನಿಯ ಆರೋಗ್ಯ ತಿಳಿಯುವುದಿಲ್ಲ. ಸಾಬೂನು, ಬಿಸ್ಕತ್ತು ಮಾರುವ ಕಂಪನಿಯನ್ನು ಅಳೆಯುವ ಮಾನದಂಡವೂ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಇಲ್ಲಿ ಗ್ರಾಹಕ ಬಹುತೇಕ ಒಬ್ಬನೇ, ಸರಕು ತಯಾರಾಗಲು ವರ್ಷಗಟ್ಟಲೆ ಬೇಕು, ಬೆಲೆ ನಿಗದಿಯಾಗುವುದು ಮಾರುಕಟ್ಟೆಯಲ್ಲಲ್ಲ.

ಜಾಲಹಳ್ಳಿಯಿಂದ ಒಂಬತ್ತು ಊರಿಗೆ

ಬಿಇಎಲ್ ಹುಟ್ಟಿದ್ದು 1954ರಲ್ಲಿ. ಸೇನೆಗೆ ಬೇಕಾದ ಸಂಪರ್ಕ ಉಪಕರಣಗಳನ್ನು ದೇಶದಲ್ಲೇ ತಯಾರಿಸಲು ಫ್ರಾನ್ಸ್‌ನ ಸಿಎಸ್‌ಎಫ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಕಾರ್ಖಾನೆ ಆರಂಭವಾಯಿತು. ಆ ಸಿಎಸ್‌ಎಫ್ ಇಂದಿನ ಥಾಲೆಸ್ ಸಮೂಹದ ಪೂರ್ವಜ. ಈಗ ಬೆಂಗಳೂರಲ್ಲದೆ ಘಾಜಿಯಾಬಾದ್, ಪುಣೆ, ಮಚಲಿಪಟ್ಟಣ, ಚೆನ್ನೈ, ಪಂಚಕುಲ, ಕೋಟದ್ವಾರ, ನವಿ ಮುಂಬೈ ಮತ್ತು ಹೈದರಾಬಾದ್‌ನಲ್ಲಿ ಘಟಕಗಳಿವೆ. ಹೈದರಾಬಾದ್‌ನದು ಎಲೆಕ್ಟ್ರಾನಿಕ್ ಯುದ್ಧತಂತ್ರದ ಕೆಲಸ, ಚೆನ್ನೈನದು ಯುದ್ಧ ಟ್ಯಾಂಕ್‌ಗಳ ಎಲೆಕ್ಟ್ರಾನಿಕ್ಸ್, ಘಾಜಿಯಾಬಾದ್‌ನದು ಮುಖ್ಯವಾಗಿ ರೇಡಾರ್. 2007ರಲ್ಲಿ ಕಂಪನಿಗೆ ನವರತ್ನ ಸ್ಥಾನ ಸಿಕ್ಕಿತು. ಇಂದಿಗೂ ಶೇ 51.14ರಷ್ಟು ಷೇರು ಕೇಂದ್ರ ಸರ್ಕಾರದ ಕೈಯಲ್ಲಿದೆ.

ಎಪ್ಪತ್ತು ವರ್ಷದ ಚರಿತ್ರೆಯಲ್ಲಿ ಒಂದು ಅಂಶ ಗಮನಿಸಬೇಕಾದದ್ದು. 1960ರ ದಶಕದಲ್ಲಿ ಕಂಪನಿ ರೇಡಿಯೊ ವಾಲ್ವ್, ಜರ್ಮೇನಿಯಂ ಟ್ರಾನ್ಸಿಸ್ಟರ್, ಆಕಾಶವಾಣಿಗೆ ಟ್ರಾನ್ಸ್‌ಮಿಟರ್ ತಯಾರಿಸುತ್ತಿತ್ತು. 1970ರ ದಶಕದಲ್ಲಿ ಕಪ್ಪು–ಬಿಳುಪು ಟಿವಿಯ ಪಿಕ್ಚರ್ ಟ್ಯೂಬ್ ಬಂತು. 80ರ ದಶಕದಲ್ಲಿ ನವಿ ಮುಂಬೈಯ ತಳೋಜಾ ಘಟಕ ಶುರುವಾದದ್ದೇ ಟಿವಿ ಟ್ಯೂಬ್‌ಗೆ ಬೇಕಾದ ಗಾಜಿನ ಕವಚಕ್ಕಾಗಿ. ಇವೆಲ್ಲ ಇಂದು ವಸ್ತುಸಂಗ್ರಹಾಲಯದ ಸರಕು. ಒಂದು ಕಾಲಕ್ಕೆ ಕಂಪನಿಗೆ ಹೆಸರು ತಂದ ಉತ್ಪನ್ನಗಳು ಹೀಗೆ ಮಾಯವಾದರೂ ಕಂಪನಿ ಉಳಿದದ್ದು ರೇಡಾರ್ ಮತ್ತು ಸೇನಾ ಸಂಪರ್ಕದ ಕಡೆಗೆ ಹೊರಳಿದ್ದರಿಂದ. ಹೊಸ ತಂತ್ರಜ್ಞಾನಕ್ಕೆ ದಾಟುವ ಈ ಸಾಮರ್ಥ್ಯ ಯಾವ ಲೆಕ್ಕಪತ್ರದಲ್ಲೂ ಅಂಕಿಯಾಗಿ ಕಾಣುವುದಿಲ್ಲ.

ಆರ್ಡರ್ ಬುಕ್: ಮೊದಲು ನೋಡುವ ಅಂಕಿ

ರಕ್ಷಣಾ ಕಂಪನಿಯ ಬಗ್ಗೆ ಯಾರೇ ಮಾತಾಡಿದರೂ ಮೊದಲು ಬರುವ ಪದ ಆರ್ಡರ್ ಬುಕ್. ಸಹಿಯಾದ ಒಪ್ಪಂದಗಳಲ್ಲಿ ಇನ್ನೂ ಪೂರೈಸದೆ ಉಳಿದಿರುವ ಕೆಲಸದ ಒಟ್ಟು ಮೌಲ್ಯ ಅದು. 2025ರ ಏಪ್ರಿಲ್ 1ಕ್ಕೆ ಬಿಇಎಲ್ ಬಳಿ ಇದ್ದದ್ದು 71,650 ಕೋಟಿ ರೂಪಾಯಿ ಆರ್ಡರ್. 2024–25ರಲ್ಲಿ ಕಂಪನಿಯ ವಹಿವಾಟು 23,024 ಕೋಟಿ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಮೂರು ವರ್ಷಕ್ಕೆ ತುಸು ಹೆಚ್ಚು. ಅಂದರೆ ನಾಳೆಯಿಂದ ಒಂದೂ ಹೊಸ ಆರ್ಡರ್ ಬರದಿದ್ದರೂ ಇದೇ ವೇಗದಲ್ಲಿ ಮೂರು ವರ್ಷ ಕಾರ್ಖಾನೆಗಳಿಗೆ ಕೆಲಸವಿದೆ. ಕಾರು ಅಥವಾ ಬಟ್ಟೆ ತಯಾರಿಸುವ ಯಾವ ಕಂಪನಿಗೂ ಇಂಥ ಭರವಸೆ ಇರುವುದಿಲ್ಲ.

ಆದರೆ ಆ ಅಂಕಿ ಒಂದು ದಿನದ ಫೋಟೊ ಮಾತ್ರ. ಅದು ಯಾವ ಕಡೆ ಚಲಿಸುತ್ತಿದೆ ಎನ್ನುವುದು ಹೆಚ್ಚು ಮುಖ್ಯ. 2023ರ ಏಪ್ರಿಲ್ 1ಕ್ಕೆ ಆರ್ಡರ್ ಬುಕ್ 60,690 ಕೋಟಿ ಇತ್ತು. ಆ ವರ್ಷ 35,000 ಕೋಟಿಗೂ ಹೆಚ್ಚಿನ ಹೊಸ ಆರ್ಡರ್ ಬಂದು, 19,820 ಕೋಟಿಯ ವಹಿವಾಟು ನಡೆದು, ಮರುವರ್ಷದ ಏಪ್ರಿಲ್ 1ಕ್ಕೆ ಅದು 75,934 ಕೋಟಿಗೆ ಏರಿತು. ಮುಂದಿನ ವರ್ಷ ಚಿತ್ರ ತಿರುಗಿತು. 2024–25ರಲ್ಲಿ 25,000 ಕೋಟಿ ಆರ್ಡರ್ ನಿರೀಕ್ಷೆ ಇತ್ತು, ಬಂದದ್ದು 18,715 ಕೋಟಿ. ವಹಿವಾಟು ಅದಕ್ಕಿಂತ ಹೆಚ್ಚು. ಹಾಗಾಗಿ ಆರ್ಡರ್ ಬುಕ್ ನಾಲ್ಕು ಸಾವಿರ ಕೋಟಿಗೂ ಹೆಚ್ಚು ಕರಗಿತು.

ಬಾವಿಯ ಲೆಕ್ಕ ಇದು. ಎತ್ತಿದ ನೀರಿಗಿಂತ ಊರಿದ ನೀರು ಹೆಚ್ಚಿದ್ದರೆ ಮಟ್ಟ ಏರುತ್ತದೆ, ಕಡಿಮೆಯಿದ್ದರೆ ಇಳಿಯುತ್ತದೆ. 2023–24ರಲ್ಲಿ ಕಂಪನಿ ಪೂರೈಸಿದ ಪ್ರತಿ 100 ರೂಪಾಯಿಯ ಕೆಲಸಕ್ಕೆ ಸುಮಾರು 177 ರೂಪಾಯಿಯ ಹೊಸ ಕೆಲಸ ಬಂದಿತ್ತು. 2024–25ರಲ್ಲಿ ಬಂದದ್ದು 81 ರೂಪಾಯಿಯದು. ಒಂದು ವರ್ಷದ ಇಳಿಕೆ ನೋಡಿ ಗಾಬರಿಯಾಗುವ ಅಗತ್ಯವಿಲ್ಲ, ಏಕೆಂದರೆ ರಕ್ಷಣಾ ಆರ್ಡರ್‌ಗಳು ಮಳೆಗಾಲದ ಹಳ್ಳದಂತೆ ಒಮ್ಮೆಲೇ ಬರುತ್ತವೆ. ಸತತ ಎರಡು–ಮೂರು ವರ್ಷ ಹೀಗೇ ಆದರೆ ಮಾತು ಬೇರೆ.

ದೊಡ್ಡ ಒಪ್ಪಂದವೊಂದು ಮಾರ್ಚ್ 31ರ ಬದಲು ಏಪ್ರಿಲ್ 5ಕ್ಕೆ ಸಹಿಯಾದರೆ ಸಾಕು, ಇಡೀ ವರ್ಷದ ಅಂಕಿ ತಲೆಕೆಳಗಾಗುತ್ತದೆ. 2023ರ ಮಾರ್ಚ್ ತಿಂಗಳೊಂದರಲ್ಲೇ ಸುಮಾರು 3,000 ಕೋಟಿಯ ‘ಹಿಮಶಕ್ತಿ’ ಮತ್ತು 1,982 ಕೋಟಿಯ ‘ಆಕಾಶತೀರ್’ ಒಪ್ಪಂದಗಳಿಗೆ ಸಹಿ ಬಿದ್ದಿತ್ತು. 2025ರ ಮಾರ್ಚ್‌ನಲ್ಲಿ 2,906 ಕೋಟಿಯ ‘ಅಶ್ವಿನಿ’ ರೇಡಾರ್ ಒಪ್ಪಂದ ಆಯಿತು. ಬಜೆಟ್ ಹಣ ಮುಗಿಯುವ ಮುನ್ನ ಸಹಿ ಹಾಕುವ ಧಾವಂತ ದೆಹಲಿಯ ಸೌತ್ ಬ್ಲಾಕ್‌ಗೆ ಹೊಸದೇನಲ್ಲ.

ಕಾಯುತ್ತಿರುವ ದೊಡ್ಡ ಆರ್ಡರ್ ಎಂದರೆ ಕ್ಯುಆರ್‌ಸ್ಯಾಮ್, ಅಂದರೆ ಚಲಿಸುವ ಸೇನಾ ತುಕಡಿಗಳಿಗೆ ರಕ್ಷಣೆ ಕೊಡುವ, ನೆಲದಿಂದ ಆಕಾಶಕ್ಕೆ ಹಾರುವ ಕ್ಷಿಪಣಿ ವ್ಯವಸ್ಥೆ. ವಿನ್ಯಾಸ ಡಿಆರ್‌ಡಿಒದ್ದು. ಸುಮಾರು 30,000 ಕೋಟಿ ಮೌಲ್ಯದ್ದೆಂದು ಅಂದಾಜಿಸಿರುವ ಇದನ್ನು ಹೊರಗಿಟ್ಟೇ 2025–26ಕ್ಕೆ 27,000 ಕೋಟಿ ಆರ್ಡರ್ ಗುರಿಯನ್ನು ಕಂಪನಿ ಹೇಳಿಕೊಂಡಿತ್ತು. ಇಂಥ ‘ಬರಲಿರುವ’ ಆರ್ಡರ್‌ಗಳನ್ನು ಬಂದ ಆರ್ಡರ್‌ಗಳ ಜೊತೆ ಕೂಡಿಸಿ ಹೇಳುವ ವಿಶ್ಲೇಷಣೆಗಳು ಷೇರುಪೇಟೆಯ ಚಾನೆಲ್‌ಗಳಲ್ಲಿ ಧಾರಾಳ. ರಕ್ಷಣಾ ಖರೀದಿ ಮಂಡಳಿಯ ‘ಅಗತ್ಯ ಒಪ್ಪಿಗೆ’ ಸಿಕ್ಕಿದ ಮಾತ್ರಕ್ಕೆ ಆರ್ಡರ್ ಕೈಸೇರಿದಂತಲ್ಲ. ಅದಾದ ಮೇಲೆ ಟೆಂಡರ್, ಪರೀಕ್ಷೆ, ಬೆಲೆ ಮಾತುಕತೆ, ಹಣಕಾಸು ಅನುಮತಿ, ಭದ್ರತಾ ಸಂಪುಟ ಸಮಿತಿ ಇಷ್ಟೂ ಮೆಟ್ಟಿಲು ಬಾಕಿ ಇರುತ್ತವೆ. ವರ್ಷಗಳೇ ಹಿಡಿಯಬಹುದು.

ಎಚ್‌ಎಎಲ್ ಕಲಿಸಿದ ಪಾಠ

ಆರ್ಡರ್ ಎಷ್ಟಿದ್ದರೂ ಪೂರೈಸದಿದ್ದರೆ ಹಣವಿಲ್ಲ. ಇದಕ್ಕೆ ದೂರ ಹುಡುಕಬೇಕಿಲ್ಲ, ಬೆಂಗಳೂರಿನಲ್ಲೇ ಇರುವ ಹಿಂದೂಸ್ತಾನ್ ಏರೋನಾಟಿಕ್ಸ್ ಉದಾಹರಣೆ ಸಾಕು. 2025ರ ಮಾರ್ಚ್ ಅಂತ್ಯಕ್ಕೆ ಎಚ್‌ಎಎಲ್ ಬಳಿ ಸುಮಾರು 1.84 ಲಕ್ಷ ಕೋಟಿ ಆರ್ಡರ್ ಇತ್ತು. ವರ್ಷದ ಆದಾಯ 30,000 ಕೋಟಿ ಚಿಲ್ಲರೆ. ಆರು ವರ್ಷದ ಕೆಲಸ! ಬಿಇಎಲ್‌ಗಿಂತ ಎರಡು ಪಟ್ಟು ಉದ್ದದ ಸಾಲು.

ಆದರೆ 2021ರ ಫೆಬ್ರವರಿಯಲ್ಲಿ ಸಹಿಯಾದ 83 ತೇಜಸ್ ಮಾರ್ಕ್ 1ಎ ವಿಮಾನಗಳ ಪೂರೈಕೆ 2024ರಲ್ಲಿ ಶುರುವಾಗಬೇಕಿತ್ತು. ಅಮೆರಿಕದ ಜಿಇ ಕಂಪನಿಯಿಂದ ಬರಬೇಕಿದ್ದ ಎಫ್404 ಎಂಜಿನ್‌ಗಳಲ್ಲಿ ಮೊದಲನೆಯದು ಬಂದದ್ದೇ 2025ರ ಮಾರ್ಚ್‌ನಲ್ಲಿ. ವಿಮಾನದ ಒಡಲು ಸಿದ್ಧ, ಎಂಜಿನ್ ಇಲ್ಲ. ವಾಯುಪಡೆಯ ಮುಖ್ಯಸ್ಥರೇ ಬಹಿರಂಗವಾಗಿ ಅಸಮಾಧಾನ ತೋಡಿಕೊಂಡರು.

ಬಿಇಎಲ್‌ಗೆ ಇಂಥ ಒಂದೇ ದೊಡ್ಡ ಬಿಕ್ಕಟ್ಟಿನ ಅಪಾಯ ಕಡಿಮೆ. ಅದು ತಯಾರಿಸುವುದು ನೂರಾರು ಬಗೆಯ ಉಪಕರಣ. ರೇಡಾರ್, ಸೋನಾರ್, ಸೇನಾ ರೇಡಿಯೊ, ರಾತ್ರಿ ನೋಟದ ದುರ್ಬೀನು, ಗುರಿ ನಿಯಂತ್ರಣ ವ್ಯವಸ್ಥೆ, ವಾಯುಪಡೆಯ ಆಕಾಶ್ ಕ್ಷಿಪಣಿ ವ್ಯವಸ್ಥೆಯ ಜೋಡಣೆ, ನೌಕಾಪಡೆಗೆ ‘ಶಕ್ತಿ’ ಎಲೆಕ್ಟ್ರಾನಿಕ್ ಯುದ್ಧ ವ್ಯವಸ್ಥೆ ಹೀಗೆ ಪಟ್ಟಿ ಉದ್ದ. ಒಂದು ಯೋಜನೆ ನಿಂತರೆ ಇನ್ನೊಂದು ನಡೆಯುತ್ತದೆ. ಹಾಗೆಂದು ಆಮದಿನ ಹಂಗೇ ಇಲ್ಲ ಎನ್ನಲಾಗದು. ಉನ್ನತ ದರ್ಜೆಯ ಚಿಪ್ ಮತ್ತು ಕೆಲವು ವಿಶೇಷ ಬಿಡಿಭಾಗಗಳು ಹೊರಗಿನಿಂದಲೇ ಬರಬೇಕು. 1998ರ ಪೋಖ್ರಾನ್ ಪರೀಕ್ಷೆಯ ಬಳಿಕ ಅಮೆರಿಕ ರಫ್ತು ನಿರ್ಬಂಧ ಹೇರಿದ ಭಾರತೀಯ ಸಂಸ್ಥೆಗಳ ಪಟ್ಟಿಯಲ್ಲಿ ಬಿಇಎಲ್ ಕೂಡ ಇತ್ತು. ಬಿಡಿಭಾಗಕ್ಕೆ ಪರ್ಯಾಯ ಹುಡುಕಿಕೊಳ್ಳುವುದು ಎಷ್ಟು ಅಗತ್ಯ ಎಂಬುದು ಆ ದಿನಗಳಲ್ಲೇ ಮನವರಿಕೆಯಾಗಿತ್ತು.

ಪೂರೈಕೆ ತಡವಾದರೆ ದಂಡದ ಷರತ್ತೂ ಇದೆ. ರಕ್ಷಣಾ ಒಪ್ಪಂದಗಳಲ್ಲಿ ವಾರದ ಲೆಕ್ಕದಲ್ಲಿ ಬಿಲ್ಲಿನಿಂದ ಹಣ ಮುರಿದುಕೊಳ್ಳಲಾಗುತ್ತದೆ. ಹಾಗಾಗಿ ವಾರ್ಷಿಕ ವರದಿಯಲ್ಲಿ ಈ ದಂಡಕ್ಕೆಂದು ತೆಗೆದಿಟ್ಟ ಮೊತ್ತ ಏರುತ್ತಿದೆಯೇ ಎಂದು ನೋಡುವುದು ಜಾಣತನ. ಆರ್ಡರ್ ಬುಕ್ ಹೇಳದ ಕಥೆಯನ್ನು ಈ ಸಣ್ಣ ಸಾಲು ಹೇಳುತ್ತದೆ.

ಗ್ರಾಹಕ ಒಬ್ಬನೇ

ಬಿಇಎಲ್ ವಹಿವಾಟಿನ ಬಹುಪಾಲು ಬರುವುದು ರಕ್ಷಣಾ ಸಚಿವಾಲಯದಿಂದ. ಉಳಿದದ್ದರಲ್ಲೂ ಸರ್ಕಾರದ ಪಾಲು ದೊಡ್ಡದು. ಚುನಾವಣಾ ಆಯೋಗಕ್ಕೆ ಮತಯಂತ್ರ ತಯಾರಿಸುವ ಎರಡೇ ಕಂಪನಿಗಳಲ್ಲಿ ಇದು ಒಂದು, ಇನ್ನೊಂದು ಹೈದರಾಬಾದ್‌ನ ಇಸಿಐಎಲ್. ಮಾಲೀಕನೂ ಸರ್ಕಾರ, ಗ್ರಾಹಕನೂ ಸರ್ಕಾರ, ಬೆಲೆ ತಪಾಸಣೆ ಮಾಡುವವರೂ ಸರ್ಕಾರವೇ.

ಇದರಿಂದ ಲಾಭವೂ ಇದೆ. ಕೊಟ್ಟ ಸಾಲ ಮುಳುಗುವ ಭಯವಿಲ್ಲ. ದೊಡ್ಡ ಒಪ್ಪಂದಕ್ಕೆ ಮುಂಗಡ ಸಿಗುತ್ತದೆ. ಈ ಮುಂಗಡ ಹಣದ ಬಲದಿಂದಲೇ ಬಿಇಎಲ್ ಬ್ಯಾಂಕ್ ಸಾಲದ ಹೊರೆ ಇಲ್ಲದೆ ನಡೆಯುತ್ತಿದೆ. ಬಡ್ಡಿ ದರ ಏರಿದರೆ ಉಳಿದ ಉದ್ದಿಮೆಗಳು ನರಳುವಾಗ ಇದಕ್ಕೆ ಬಿಸಿ ತಾಗುವುದಿಲ್ಲ. 2025–26ರ ಬಜೆಟ್‌ನಲ್ಲಿ ರಕ್ಷಣೆಗೆ ಮೀಸಲಿಟ್ಟದ್ದು ಸುಮಾರು 6.81 ಲಕ್ಷ ಕೋಟಿ. ಅದರಲ್ಲಿ ಬಂಡವಾಳ ವೆಚ್ಚ 1.80 ಲಕ್ಷ ಕೋಟಿ. ಆಧುನೀಕರಣಕ್ಕೆ ಇಟ್ಟ ಹಣದಲ್ಲಿ ನಾಲ್ಕರಲ್ಲಿ ಮೂರು ಪಾಲು, ಅಂದರೆ ಸುಮಾರು 1.11 ಲಕ್ಷ ಕೋಟಿ, ದೇಶೀಯ ಖರೀದಿಗೇ ಮೀಸಲು. 2020ರ ಆಗಸ್ಟ್‌ನಲ್ಲಿ 101 ಉಪಕರಣಗಳ ಆಮದು ನಿರ್ಬಂಧ ಪಟ್ಟಿ ಬಂದ ಮೇಲೆ ಇಂಥ ಪಟ್ಟಿಗಳು ಒಂದರ ಹಿಂದೊಂದು ಬಂದಿವೆ. ಬಿಇಎಲ್‌ನಂಥ ಕಂಪನಿಗೆ ಇದು ಕಟ್ಟಿಕೊಟ್ಟ ಬುತ್ತಿ.

ಅಪಾಯವೂ ಇದೇ ಜಾಗದಲ್ಲಿದೆ. ಸರ್ಕಾರ ಹಣ ಬಿಡುಗಡೆ ತಡ ಮಾಡಿದರೆ ಕೇಳುವವರಿಲ್ಲ. ಲಾಭ ಪತ್ರದಲ್ಲಿ ಆದಾಯ ಕಾಣುತ್ತದೆ, ಬ್ಯಾಂಕ್ ಖಾತೆಗೆ ಬಂದಿರುವುದಿಲ್ಲ. ಹೊಸ ಆರ್ಡರ್ ಕಡಿಮೆಯಾದ ವರ್ಷ ಹೊಸ ಮುಂಗಡವೂ ಕಡಿಮೆ, ಹಳೆಯ ಮುಂಗಡ ಮಾತ್ರ ಬಿಲ್ಲುಗಳಲ್ಲಿ ಕರಗುತ್ತಾ ಹೋಗುತ್ತದೆ. ಹೀಗಾಗಿ ನಿವ್ವಳ ಲಾಭ ಏರುತ್ತಿದ್ದರೂ ಕೈಯಲ್ಲಿರುವ ನಗದು ಇಳಿಯಬಹುದು. ನಗದು ಹರಿವಿನ ಪಟ್ಟಿಯನ್ನು ಒಂದೇ ವರ್ಷದ್ದು ನೋಡಿದರೆ ದಾರಿ ತಪ್ಪುತ್ತದೆ. ನಾಲ್ಕೈದು ವರ್ಷಗಳ ಲಾಭವನ್ನೂ ಅದೇ ಅವಧಿಯಲ್ಲಿ ಕೈಸೇರಿದ ನಗದನ್ನೂ ಕೂಡಿಸಿ ಹೋಲಿಸುವುದು ಸರಿಯಾದ ಕ್ರಮ.

ಈ ಹಣದ ಸರಪಳಿಯ ತುದಿಯಲ್ಲಿ ಸಣ್ಣವರಿದ್ದಾರೆ. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಲೋಹದ ಭಾಗ ಕೊರೆಯುವ, ಕೇಬಲ್ ಹೆಣೆಯುವ ಘಟಕಗಳಿಗೆ ದೊಡ್ಡ ಕಂಪನಿಯ ಬಿಲ್ ಎರಡು ತಿಂಗಳು ತಡವಾದರೆ ಸಂಬಳದ ದಿನವೇ ಕಷ್ಟ.

ಲಾಭದ ಅಂಚು ಮತ್ತು ನಾಲ್ಕನೇ ತ್ರೈಮಾಸಿಕದ ಆಟ

2024–25ರಲ್ಲಿ ಬಿಇಎಲ್ ನಿವ್ವಳ ಲಾಭ 5,288 ಕೋಟಿ. ಹಿಂದಿನ ವರ್ಷ 4,020 ಕೋಟಿ. ವಹಿವಾಟು ಶೇ 16ರಷ್ಟು ಬೆಳೆದರೆ ಲಾಭ ಶೇ 31ಕ್ಕೂ ಹೆಚ್ಚು ಬೆಳೆಯಿತು. ನೂರು ರೂಪಾಯಿ ವಹಿವಾಟಿನಲ್ಲಿ 23 ರೂಪಾಯಿ ಉಳಿದಂತಾಯಿತು, ಹಿಂದಿನ ವರ್ಷ 20 ಉಳಿದಿತ್ತು. ತಯಾರಿಕಾ ಕಂಪನಿಗೆ ಇದು ಅಸಾಧಾರಣ ಅಂಚು.

ಇದು ಹೀಗೇ ಮುಂದುವರಿಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಹಳೆಯ, ಪಳಗಿದ ರೇಡಾರ್‌ಗಳನ್ನು ಮತ್ತೆ ಮತ್ತೆ ತಯಾರಿಸುವಾಗ ಲಾಭ ಹೆಚ್ಚು. ಹೊಸ ವ್ಯವಸ್ಥೆ ಶುರುವಾದಾಗ, ಇಲ್ಲವೇ ಹೊರಗಿನಿಂದ ಕೊಂಡು ಜೋಡಿಸುವ ಪಾಲು ಹೆಚ್ಚಿದ್ದಾಗ ಲಾಭ ತೆಳುವಾಗುತ್ತದೆ. ಒಂದೇ ವರ್ಷದ ಅಂಚನ್ನು ಶಾಶ್ವತ ಎಂದುಕೊಂಡು ಲೆಕ್ಕ ಹಾಕುವುದು ಹೂಡಿಕೆದಾರರು ಮಾಡುವ ಸಾಮಾನ್ಯ ತಪ್ಪು.

ಇನ್ನೊಂದು ತಪ್ಪು ತ್ರೈಮಾಸಿಕಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು. 2025ರ ಜನವರಿ–ಮಾರ್ಚ್‌ನಲ್ಲಿ ಕಂಪನಿಯ ಆದಾಯ 9,100 ಕೋಟಿ ದಾಟಿತ್ತು, ಲಾಭ 2,105 ಕೋಟಿ. ಮುಂದಿನ ಏಪ್ರಿಲ್–ಜೂನ್‌ನಲ್ಲಿ ಆದಾಯ 4,417 ಕೋಟಿಗೆ, ಲಾಭ 969 ಕೋಟಿಗೆ ಇಳಿಯಿತು. ಕಂಪನಿ ಮೂರು ತಿಂಗಳಲ್ಲಿ ಅರ್ಧಕ್ಕೆ ಕುಸಿದಿರಲಿಲ್ಲ. ಸೇನೆಗೆ ಸರಕು ಒಪ್ಪಿಸಿ ಸಹಿ ಪಡೆಯುವ ಕೆಲಸ ಆರ್ಥಿಕ ವರ್ಷದ ಕೊನೆಯಲ್ಲಿ ರಾಶಿ ಬೀಳುತ್ತದೆ, ಅಷ್ಟೇ. ವರ್ಷದ ಒಟ್ಟು ಲಾಭದ ಶೇ 40ರಷ್ಟು ಆ ಒಂದೇ ತ್ರೈಮಾಸಿಕದ್ದು. ಹೋಲಿಸುವುದಾದರೆ ಹಿಂದಿನ ವರ್ಷದ ಅದೇ ಮೂರು ತಿಂಗಳ ಜೊತೆ ಹೋಲಿಸಬೇಕು.

ತಂತ್ರಜ್ಞಾನ ಯಾರದು?

ಕಂಪನಿಯ ನಿಜವಾದ ಬಲ ಅಳೆಯಲು ಇದೇ ಕಠಿಣ ಪ್ರಶ್ನೆ. ಬಿಇಎಲ್ ತಯಾರಿಸುವ ಬಹಳಷ್ಟು ದೊಡ್ಡ ವ್ಯವಸ್ಥೆಗಳ ಮೂಲ ವಿನ್ಯಾಸ ಡಿಆರ್‌ಡಿಒ ಪ್ರಯೋಗಾಲಯಗಳದು. ಬೆಂಗಳೂರಿನ ಎಲ್‌ಆರ್‌ಡಿಇ ರೇಡಾರ್ ವಿನ್ಯಾಸ ಮಾಡುತ್ತದೆ, ಹೈದರಾಬಾದ್‌ನ ಡಿಎಲ್‌ಆರ್‌ಎಲ್ ಎಲೆಕ್ಟ್ರಾನಿಕ್ ಯುದ್ಧ ವ್ಯವಸ್ಥೆ ಕಟ್ಟುತ್ತದೆ, ಬಿಇಎಲ್ ಅವನ್ನು ತಯಾರಿಸಿ, ಸೇನೆಗೆ ಒಪ್ಪಿಸಿ, ವರ್ಷಗಟ್ಟಲೆ ನಿರ್ವಹಿಸುತ್ತದೆ. ಮೊದಲೆಲ್ಲ ಡಿಆರ್‌ಡಿಒ ವಿನ್ಯಾಸ ಸಿದ್ಧವಾದರೆ ಉತ್ಪಾದನೆ ನಾಮನಿರ್ದೇಶನದ ಮೇಲೆ ಸಾರ್ವಜನಿಕ ಕಂಪನಿಗೇ ಹೋಗುತ್ತಿತ್ತು. ಆ ಕಾಲ ಮುಗಿಯುತ್ತಿದೆ. ಈಗ ಡಿಆರ್‌ಡಿಒ ತಂತ್ರಜ್ಞಾನವನ್ನು ಖಾಸಗಿ ಕಂಪನಿಗಳಿಗೂ ಕೊಡುತ್ತದೆ. ಅಭಿವೃದ್ಧಿ ಹಂತದಲ್ಲೇ ಪಾಲುದಾರರನ್ನು ಸ್ಪರ್ಧೆಯ ಮೂಲಕ ಆರಿಸುವುದು ಹೆಚ್ಚಾಗಿದೆ.

ಚೆನ್ನೈನ ಡೇಟಾ ಪ್ಯಾಟರ್ನ್ಸ್, ಹೈದರಾಬಾದ್‌ನ ಅಸ್ತ್ರ ಮೈಕ್ರೋವೇವ್ ಚಿಕ್ಕ ಕಂಪನಿಗಳಾದರೂ ರೇಡಾರ್ ವಿಷಯದಲ್ಲಿ ಪಳಗಿದವು. ಲಾರ್ಸನ್ ಆ್ಯಂಡ್ ಟುಬ್ರೊ, ಟಾಟಾ, ಅದಾನಿ ಸಮೂಹಗಳಿಗೆ ಬಂಡವಾಳದ ಕೊರತೆಯಿಲ್ಲ. 2025ರ ಮೇ ತಿಂಗಳಲ್ಲಿ ಐದನೇ ತಲೆಮಾರಿನ ಯುದ್ಧವಿಮಾನ ಆಮ್ಕಾಗೆ ರಕ್ಷಣಾ ಸಚಿವರು ಒಪ್ಪಿದ ಕಾರ್ಯವಿಧಾನದಲ್ಲಿ ಸಾರ್ವಜನಿಕ ಮತ್ತು ಖಾಸಗಿ ಕಂಪನಿಗಳಿಗೆ ಸಮಾನ ಅವಕಾಶ ಎಂದು ಹೇಳಲಾಗಿದೆ. ಯುದ್ಧವಿಮಾನದಲ್ಲೇ ಹೀಗಾದರೆ ರೇಡಾರ್, ರೇಡಿಯೊಗಳಲ್ಲಿ ಬೇಲಿ ಎಷ್ಟು ದಿನ ಉಳಿದೀತು? ಇದೇ ಆಮ್ಕಾ ಸ್ಪರ್ಧೆಗೆ ಬಿಇಎಲ್ ಕೈಜೋಡಿಸಿದ್ದು ಲಾರ್ಸನ್ ಆ್ಯಂಡ್ ಟುಬ್ರೊ ಜೊತೆ. ನಿನ್ನೆಯ ಪ್ರತಿಸ್ಪರ್ಧಿ ಇಂದಿನ ಪಾಲುದಾರ.

ಬಿಇಎಲ್ ಪರವಾಗಿ ಹೇಳಬೇಕಾದ್ದೂ ಇದೆ. ಬೆಂಗಳೂರಿನಲ್ಲಿ 1988ರಲ್ಲಿ, ಘಾಜಿಯಾಬಾದ್‌ನಲ್ಲಿ 1992ರಲ್ಲಿ ಸ್ವಂತ ಕೇಂದ್ರೀಯ ಸಂಶೋಧನಾ ಪ್ರಯೋಗಾಲಯ ತೆರೆದ ಸರ್ಕಾರಿ ಕಂಪನಿ ಇದು. ವಹಿವಾಟಿನ ಶೇ 6–7ರಷ್ಟನ್ನು ಸಂಶೋಧನೆಗೆ ಹಾಕುತ್ತದೆ. ಭಾರತದ ತಯಾರಿಕಾ ಕಂಪನಿಗಳಲ್ಲಿ ಇಷ್ಟು ಹಾಕುವವು ವಿರಳ. ಕೋವಿಡ್ ಕಾಲದಲ್ಲಿ ಇದಕ್ಕೊಂದು ಪರೀಕ್ಷೆ ಎದುರಾಗಿತ್ತು. ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸ, ಡಿಆರ್‌ಡಿಒ ನೆರವು ಪಡೆದು 30,000 ವೆಂಟಿಲೇಟರ್ ತಯಾರಿಸುವ ಹೊಣೆ 2020ರಲ್ಲಿ ಬಿಇಎಲ್ ಹೆಗಲಿಗೆ ಬಿತ್ತು. ಅದುವರೆಗೆ ವೆಂಟಿಲೇಟರ್ ಮಾಡದ ಕಂಪನಿ ಕೆಲವೇ ತಿಂಗಳಲ್ಲಿ ಆ ಸಂಖ್ಯೆ ತಲುಪಿತು. ಕಾರ್ಖಾನೆಯ ನೆಲದಲ್ಲಿ ಬೇರೂರಿದ ಎಂಜಿನಿಯರಿಂಗ್ ಶಿಸ್ತು ಎಂದರೆ ಇದೇ. ಇದನ್ನು ಹಣ ಕೊಟ್ಟು ಒಂದೆರಡು ವರ್ಷದಲ್ಲಿ ಕಟ್ಟಲಾಗದು.

ಸೇನೆ ಒಮ್ಮೆ ಒಂದು ರೇಡಾರ್ ಕೊಂಡರೆ ಅದು ಇಪ್ಪತ್ತೈದು–ಮೂವತ್ತು ವರ್ಷ ದುಡಿಯುತ್ತದೆ. ಅಷ್ಟೂ ವರ್ಷ ಬಿಡಿಭಾಗ, ದುರಸ್ತಿ, ಸಾಫ್ಟ್‌ವೇರ್ ಬದಲಾವಣೆಗೆ ಮೂಲ ತಯಾರಕರ ಬಳಿಗೇ ಬರಬೇಕು. ಲಡಾಖ್‌ನಲ್ಲಿ ಕೆಟ್ಟ ಉಪಕರಣವನ್ನು ಅಲ್ಲೇ ಸರಿಪಡಿಸಬಲ್ಲ ತಂತ್ರಜ್ಞರ ಜಾಲ ಹೊಸಬರ ಬಳಿ ಇಲ್ಲ. ಖಾಸಗಿ ಸ್ಪರ್ಧಿಗಳು ಹೊಸ ಟೆಂಡರ್ ಗೆಲ್ಲಬಹುದು, ಹಳೆಯ ನಂಟನ್ನು ಕತ್ತರಿಸುವುದು ಸುಲಭವಲ್ಲ.

ರಫ್ತು: ಇನ್ನೂ ಎಳೆಗರು

2024–25ರಲ್ಲಿ ಬಿಇಎಲ್ ರಫ್ತು ಮಾಡಿದ್ದು ಸುಮಾರು 10.6 ಕೋಟಿ ಡಾಲರ್ ಮೌಲ್ಯದ ಸರಕು. ರೂಪಾಯಿಯಲ್ಲಿ 900 ಕೋಟಿ ಆಸುಪಾಸು, ವಹಿವಾಟಿನ ಶೇ 4ರಷ್ಟು. ಅದೇ ವರ್ಷ ಭಾರತದ ಒಟ್ಟು ರಕ್ಷಣಾ ರಫ್ತು 23,622 ಕೋಟಿ. ಅದರಲ್ಲಿ 15,233 ಕೋಟಿ ಖಾಸಗಿ ಕಂಪನಿಗಳದ್ದು. ದೇಶದ ಅತಿದೊಡ್ಡ ರಕ್ಷಣಾ ಎಲೆಕ್ಟ್ರಾನಿಕ್ಸ್ ಕಂಪನಿಗೆ ಈ ಪಾಲು ಚಿಕ್ಕದೇ. ಫ್ರಾನ್ಸ್‌ನ ಥಾಲೆಸ್, ಸ್ವೀಡನ್‌ನ ಸಾಬ್ ಬದುಕುವುದೇ ರಫ್ತಿನಿಂದ. ಸ್ವಂತ ದೇಶದ ಬಜೆಟ್ ಬಿಗಿಯಾದ ವರ್ಷ ಅವುಗಳಿಗೆ ಬೇರೆ ಬಾಗಿಲು ತೆರೆದಿರುತ್ತದೆ. ಬಿಇಎಲ್‌ಗೆ ಆ ಬಾಗಿಲು ಇನ್ನೂ ಅರ್ಧ ತೆರೆದಿದೆ.

ಕಂಪನಿ ಗಟ್ಟಿ, ಬೆಲೆ?

ಕಂಪನಿ ಚೆನ್ನಾಗಿರುವುದು ಬೇರೆ, ಅದರ ಷೇರು ಅಗ್ಗವಾಗಿರುವುದು ಬೇರೆ. ಬಿಇಎಲ್‌ನ ಒಟ್ಟು ಷೇರು ಸುಮಾರು 731 ಕೋಟಿ. 2024–25ರ ಲಾಭವನ್ನು ಹಂಚಿದರೆ ಷೇರಿಗೆ 7 ರೂಪಾಯಿ 23 ಪೈಸೆ. 2025ರ ಜೂನ್‌ನಲ್ಲಿ ಸೆನ್ಸೆಕ್ಸ್ ಸೇರುವ ಹೊತ್ತಿಗೆ ಷೇರಿನ ಬೆಲೆ 400 ರೂಪಾಯಿ ಆಸುಪಾಸಿನಲ್ಲಿತ್ತು. ಅಂದರೆ ಒಂದು ವರ್ಷದ ಗಳಿಕೆಯ ಸುಮಾರು 55 ಪಟ್ಟು. ಲಾಭ ಇದ್ದಲ್ಲೇ ನಿಂತರೆ ಹಾಕಿದ ಹಣದಷ್ಟು ಕಂಪನಿ ದುಡಿಯಲು 55 ವರ್ಷ ಬೇಕು. ಇಷ್ಟು ಬೆಲೆ ಕೊಡುವವರು ಮುಂದಿನ ಹಲವು ವರ್ಷಗಳ ಬೆಳವಣಿಗೆಗೆ ಈಗಲೇ ಹಣ ತೆತ್ತಂತೆ. ಕ್ಯುಆರ್‌ಸ್ಯಾಮ್ ಬರುವುದು, ಲಾಭದ ಅಂಚು ಉಳಿಯುವುದು, ಪೂರೈಕೆ ತಡವಾಗದಿರುವುದು ಎಲ್ಲವೂ ಆ ಬೆಲೆಯೊಳಗೆ ಸೇರಿಹೋಗಿವೆ.

ಲಾಭಾಂಶದ ಆಸೆಯಿಂದ ಕೊಂಡವರಿಗೆ ಆ ವರ್ಷ ಸಿಕ್ಕಿದ್ದು ಷೇರಿಗೆ 2 ರೂಪಾಯಿ 40 ಪೈಸೆ. 400 ರೂಪಾಯಿಗೆ ಕೊಂಡವರ ಲೆಕ್ಕದಲ್ಲಿ ಶೇ 0.6, ಉಳಿತಾಯ ಖಾತೆಯ ಬಡ್ಡಿಗಿಂತಲೂ ಕಡಿಮೆ. ಅದೇ ಷೇರನ್ನು 2022ರ ಸೆಪ್ಟೆಂಬರ್‌ಗೂ ಮುಂಚೆ ಕೊಂಡು, ಆಗ ಒಂದಕ್ಕೆ ಎರಡರಂತೆ ಸಿಕ್ಕ ಬೋನಸ್ ಷೇರುಗಳನ್ನು ಇಟ್ಟುಕೊಂಡವರ ಲೆಕ್ಕವೇ ಬೇರೆ. ಒಂದೇ ಕಂಪನಿ, ಒಂದೇ ಲಾಭಾಂಶ, ಆದರೆ ಕೊಂಡ ಬೆಲೆಯ ಮೇಲೆ ಇಬ್ಬರ ಅದೃಷ್ಟ ಎರಡಾಯಿತು. ಮಾಲೀಕನಾದ ಸರ್ಕಾರಕ್ಕೆ ಮಾತ್ರ ಯಾವ ಬೆಲೆಯಲ್ಲೂ ಚಿಂತೆಯಿಲ್ಲ. ಅದರ ಪಾಲಿಗೆ ಆ ವರ್ಷದ ಲಾಭಾಂಶ ಸುಮಾರು 900 ಕೋಟಿ. ಸಾರ್ವಜನಿಕ ಕಂಪನಿಗಳು ಲಾಭದ ಕನಿಷ್ಠ ಶೇ 30 ಇಲ್ಲವೇ ನಿವ್ವಳ ಮೌಲ್ಯದ ಶೇ 4, ಎರಡರಲ್ಲಿ ಹೆಚ್ಚಿನದನ್ನು ಹಂಚಬೇಕೆಂಬ ನಿಯಮವಿದೆ. ಹಾಗಾಗಿ ಲಾಭವನ್ನೆಲ್ಲ ಹೊಸ ಕಾರ್ಖಾನೆಗೇ ಸುರಿಯುವ ಸ್ವಾತಂತ್ರ್ಯ ಕಂಪನಿಗೆ ಇಲ್ಲ.

ಆದರೂ ವಿಸ್ತರಣೆ ನಿಂತಿಲ್ಲ. ಬೆಂಗಳೂರು–ಹೈದರಾಬಾದ್ ಹೆದ್ದಾರಿ ಬದಿಯಲ್ಲಿ, ಕರ್ನಾಟಕದ ಗಡಿಗೆ ಸಮೀಪದ ಆಂಧ್ರದ ಪಾಲಸಮುದ್ರಂನಲ್ಲಿ ಕ್ಷಿಪಣಿ ವ್ಯವಸ್ಥೆಗಳ ಜೋಡಣೆಗೆಂದು ದೊಡ್ಡ ಆವರಣದ ಯೋಜನೆಯಿದೆ. ಮಚಲಿಪಟ್ಟಣದ ಬಳಿಯ ನಿಮ್ಮಲೂರಿನಲ್ಲಿ ರಾತ್ರಿ ನೋಟದ ಉಪಕರಣಗಳ ಕಾರ್ಖಾನೆ. ಇವು ತುಂಬಿ ದುಡಿಯಬೇಕಾದರೆ ದೊಡ್ಡ ಕ್ಷಿಪಣಿ ಆರ್ಡರ್‌ಗಳು ಹೊತ್ತಿಗೆ ಸರಿಯಾಗಿ ಬರಬೇಕು. ಪ್ರತಿ ವರ್ಷ ಏಪ್ರಿಲ್ ಮೊದಲ ವಾರ ಕಂಪನಿ ಷೇರುಪೇಟೆಗೆ ಸಲ್ಲಿಸುವ ಪುಟ್ಟ ಪ್ರಕಟಣೆಯಲ್ಲಿ ವಹಿವಾಟು, ಹೊಸ ಆರ್ಡರ್, ಬಾಕಿ ಆರ್ಡರ್, ರಫ್ತು ಈ ನಾಲ್ಕೂ ಅಂಕಿ ಇರುತ್ತವೆ. ಹಿಂದಿನ ವರ್ಷದ ಪ್ರಕಟಣೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಬಾವಿಯ ನೀರು ಏರಿತೋ ಇಳಿಯಿತೋ ತಿಳಿಯಲು ಐದು ನಿಮಿಷ ಸಾಕು.